ಹಿಮದ ಊರಿನ ಮನೆಗೆ ಶಿಂಗಲ್ಸೋ, ಸ್ಟೀಲ್ ಶೀಟೋ?

ಅಮೆರಿಕದ ಮಿನೆಸೋಟದಲ್ಲಿ ಮಾಡು ಬದಲಿಸಬೇಕೆಂದಿರುವ ಕನ್ನಡಿಗರೇ, ಶಿಂಗಲ್ಸ್ (ಒಂದರ ಮೇಲೊಂದು ಹೊದಿಸುವ ಡಾಂಬರು ಲೇಪದ ಹಾಳೆಗಳು) ಇಲ್ಲವೇ ಸ್ಟೀಲ್ ಶೀಟಿನ ಸ್ಯಾಂಪಲ್ ಆರಿಸುವ ಮುಂಚೆ ಜನವರಿಯಲ್ಲಿ ಒಮ್ಮೆ ಸೂರಿನ ಅಂಚು ನೋಡಿ. ಅಲ್ಲಿ ದಪ್ಪಗೆ ಮಂಜುಗಡ್ಡೆ ಕಟ್ಟಿದ್ದರೆ ತೊಂದರೆಯ ಬೇರು ಹೆಚ್ಚಾಗಿ ಅಟ್ಟದಲ್ಲಿರುತ್ತದೆ. ಮನೆಯ ಬಿಸಿಗಾಳಿ ಅಟ್ಟಕ್ಕೆ ನುಸುಳಿ ಹಿಮವನ್ನು ಅಡಿಯಿಂದ ಕರಗಿಸುತ್ತದೆ. ಹರಿದ ನೀರು ಗೋಡೆಯಾಚೆ ಚಾಚಿದ ತಣ್ಣನೆಯ ಸೂರಿಗೆ ಬಂದು ಮತ್ತೆ ಹೆಪ್ಪುಗಟ್ಟುತ್ತದೆ. ಗಡ್ಡೆಯ ಹಿಂದೆ ನಿಂತ ನೀರು ಶಿಂಗಲ್ಸ್ ಅಡಿಗೆ ಹಿಮ್ಮುಖವಾಗಿ ಏರಿ ಸೀಲಿಂಗಿಗೆ ಇಳಿಯುತ್ತದೆ. ಶಿಂಗಲ್ಸ್ ಇರುವುದು ಹರಿಯುವ ನೀರಿಗೆ. ನಿಂತ ನೀರನ್ನು ಅದು ತಡೆಯದು.

ಹಾಗಾಗಿ ಮೊದಲ ದುಡ್ಡು ಅಟ್ಟಕ್ಕೆ. ಲೈಟು, ಪೈಪು, ಅಟ್ಟದ ಬಾಗಿಲಿನ ಸುತ್ತಲ ಸಂದುಗಳನ್ನು ಮುಚ್ಚಿಸಿ, ಆಮೇಲೆ ಕನಿಷ್ಠ ಆರ್-49 (‘ಆರ್’ ಎಂದರೆ ಶಾಖ ತಡೆಯುವ ಶಕ್ತಿಯ ಅಳತೆ) ಇನ್ಸುಲೇಷನ್ ತುಂಬಿಸಿ. ಅದು ಸೂರಿನ ಗಾಳಿಕಿಂಡಿಗಳನ್ನು ಮುಚ್ಚದಂತೆ ಬ್ಯಾಫಲ್, ಅಂದರೆ ಗಾಳಿಗೆ ದಾರಿ ಬಿಡುವ ತಡೆಹಲಗೆ, ಇರಲೇಬೇಕು. ಬಚ್ಚಲಿನ ಫ್ಯಾನಿನ ಕೊಳವೆ ಅಟ್ಟದೊಳಗೇ ಕೊನೆಗೊಂಡಿದ್ದರೆ ಹೊರಗೆ ತೆಗೆಸಿ.

ಎರಡನೆಯದು, ಶಿಂಗಲ್ಸ್ ಅಡಿಯ ಅಂಟುಪೊರೆ, ಅಂದರೆ ಐಸ್ ಅಂಡ್ ವಾಟರ್ ಶೀಲ್ಡ್. ಸೂರಿನಂಚಿನಿಂದ ಶುರುವಾಗಿ ಹೊರಗೋಡೆಯ ಗೆರೆ ದಾಟಿ ಕನಿಷ್ಠ 24 ಇಂಚು ಒಳಗೆ ಬರಬೇಕು. ಸೂರು 24 ಇಂಚು ಚಾಚಿದ್ದು ಇಳಿಜಾರು 6:12 (ಅಡ್ಡಕ್ಕೆ 12 ಇಂಚಿಗೆ 6 ಇಂಚು ಏರು) ಇದ್ದರೆ ಮಾಡಿನ ಮೇಲೆ ಅಳೆದಾಗ ಇದು ಸುಮಾರು 54 ಇಂಚು. 36 ಇಂಚಿನ ರೋಲ್ ಒಂದು ಸಾಲು ಸಾಲದು, ಎರಡು ಬೇಕು. ಕೊಟೇಷನ್‌ನಲ್ಲಿ ‘ಒಂದು ಸಾಲು’ ಎಂದಿದ್ದರೆ ಸಹಿ ಹಾಕಬೇಡಿ.

ಮಂಗಳೂರು ಹೆಂಚಿನ ಆಸೆ ನಮ್ಮಲ್ಲಿ ಹಲವರಿಗಿದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ್ದು ಸುರಿಮಳೆಯ ಊರಿನಲ್ಲಿ, ಹೆಪ್ಪುಗಟ್ಟುವ ಊರಿನಲ್ಲಲ್ಲ. ಹೆಂಚು ಹೀರಿದ ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಹೆಂಚು ಪದರಪದರವಾಗಿ ಉದುರುತ್ತದೆ. ಹೆಂಚೇ ಬೇಕೆಂದರೆ ಎಎಸ್‌ಟಿಎಂ ಸಿ1167 ಎಂಬ ಅಮೆರಿಕದ ಹೆಂಚಿನ ಮಾನದಂಡದ ಗ್ರೇಡ್ 1, ಅಂದರೆ ಹೆಪ್ಪುಗಟ್ಟುವ ಹವೆ ತಾಳುವ ದರ್ಜೆ, ಕೇಳಿ; ಮಾಡಿನ ಚೌಕಟ್ಟು ಅದರ ತೂಕ ತಡೆಯುತ್ತದೆಯೇ ಎಂದು ಎಂಜಿನಿಯರಿಂದ ಲೆಕ್ಕ ಹಾಕಿಸಿ.

ಸ್ಟೀಲ್ ಶೀಟಿನಲ್ಲಿ ಸ್ಕ್ರೂ ಮೇಲೆ ಕಾಣುವ ಬಗೆ ಬೇಡ. ಚಳಿಗಾಲ ಬೇಸಿಗೆಗಳ ನಡುವೆ 10 ಮೀಟರ್ ಶೀಟು ಸುಮಾರು ಒಂದು ಸೆಂಟಿಮೀಟರ್ ಹಿಗ್ಗಿ ಕುಗ್ಗುತ್ತದೆ, ಸ್ಕ್ರೂ ತೂತು ಅಗಲವಾಗಿ ವಾಷರ್ ಸವೆಯುತ್ತದೆ. ಜರುಗುವ ಕ್ಲಿಪ್ಪಿನ ಸ್ಟ್ಯಾಂಡಿಂಗ್ ಸೀಮ್ (ಅಂಚುಗಳನ್ನು ಎತ್ತಿ ಕೂಡಿಸಿ ಸ್ಕ್ರೂ ಮರೆಯಾಗಿಸುವ ಬಗೆ) ಒಳ್ಳೆಯದು, ದುಬಾರಿ. ಹಿಮ ಒಮ್ಮೆಲೇ ಜಾರಿ ಬೀಳುವುದರಿಂದ ಬಾಗಿಲು, ಗ್ಯಾಸ್ ಮೀಟರುಗಳ ಮೇಲ್ಭಾಗದಲ್ಲಿ ಹಿಮ ತಡೆದು ಹಿಡಿಯುವ ಸ್ನೋ ಗಾರ್ಡ್ ಬೇಕೇ ಬೇಕು.

ಇಳಿಜಾರುಗಳು ಕೂಡುವ ಮಡಿಕೆಗಳು ಹೆಚ್ಚಿರುವ ಮಾಮೂಲಿ ಮಾಡಿಗೆ ನನ್ನ ಆಯ್ಕೆ ಶಿಂಗಲ್ಸೇ. ಆಲಿಕಲ್ಲಿನ ಊರಾದ್ದರಿಂದ ಹೊಡೆತ ತಾಳುವ ಯುಎಲ್ 2218 ಪರೀಕ್ಷೆಯ ಅತಿ ಮೇಲಿನ ದರ್ಜೆಯಾದ ಕ್ಲಾಸ್ 4 ಇರಲಿ, ಒಂದೊಂದಕ್ಕೆ ಆರು ಮೊಳೆ ಹೊಡೆಸಿ. ಕೆಲಸ ಮೇ-ಸೆಪ್ಟೆಂಬರ್ ನಡುವೆ ಮುಗಿಯಲಿ. ಸುಮಾರು 5 ಡಿಗ್ರಿ ಸೆಲ್ಸಿಯಸ್‌ಗಿಂತ ಚಳಿಯಿದ್ದರೆ ಶಿಂಗಲ್ಸ್‌ನ ಅಂಟುಪಟ್ಟಿ ತಾನಾಗಿ ಹಿಡಿಯುವುದಿಲ್ಲ. ಒಂದೊಂದನ್ನೂ ಡಾಂಬರು ಸಿಮೆಂಟಿನಿಂದ ಕೈಯಲ್ಲೇ ಅಂಟಿಸಬೇಕಾಗುತ್ತದೆ.