ಕಬ್ಬಿನ ಹಣ ಮತ್ತು ತಿಂಗಳ ಕಂತು

ಮಾಹಿತಿ ತಂತ್ರಜ್ಞಾನ ನಿರ್ವಹಣೆಯ ಪದವಿಗೆಂದು ತಂಗಿಯ ಮಗಳು 6 ಲಕ್ಷ ರೂಪಾಯಿ ಶಿಕ್ಷಣ ಸಾಲದ ಮಾತೆತ್ತಿದಾಗ, ಮಂಡ್ಯದ ನಮ್ಮ ಮನೆಯಲ್ಲಿ ಕುಳಿತು ನಾವಿಬ್ಬರೂ ಲೆಕ್ಕ ಹಾಕಿದೆವು. ಶೇ. 10ರ ಬಡ್ಡಿಯಲ್ಲಿ 7 ವರ್ಷಕ್ಕೆ ತಿಂಗಳ ಕಂತು ಸುಮಾರು 9,960 ರೂಪಾಯಿ. ಅವಧಿಯನ್ನು 10 ವರ್ಷಕ್ಕೆ ಹಿಗ್ಗಿಸಿದರೆ ಕಂತು 7,930ಕ್ಕೆ ಇಳಿಯುತ್ತದೆ, ಆದರೆ ಒಟ್ಟು ಬಡ್ಡಿ ಸುಮಾರು 1.15 ಲಕ್ಷ ಹೆಚ್ಚುತ್ತದೆ. ಓದುವಾಗ ಕಂತು ಕಟ್ಟಬೇಕಿಲ್ಲವಾದರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಅದನ್ನು ಆಗಲೇ ತೀರಿಸುತ್ತಾ ಬಂದರೆ ಅಸಲಿಗೆ ಸೇರುವುದಿಲ್ಲ.

ಅವಳ ತಂದೆಗೆ ಕಬ್ಬಿನ ಹಣ ಕೈಸೇರುವುದು ಕಟಾವಿನ ನಂತರ. ಕಂತು ಮಾತ್ರ ಪ್ರತಿ ತಿಂಗಳೂ ಬರುತ್ತದೆ. ಆದ್ದರಿಂದ ತಂದೆಯ ಬೆಳೆಯನ್ನು ನೆಚ್ಚದೆ, ಅವಳ ಮೊದಲ ಸಂಬಳದಿಂದಲೇ ಕಂತು ಹೊರಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನ 35,000 ಸಂಬಳದಲ್ಲಿ ಪೀಜಿ ಬಾಡಿಗೆ ಕಳೆದು ಉಳಿಯುವುದಕ್ಕಿಂತ, ಮನೆಯಿಂದಲೇ ಓಡಾಡಬಹುದಾದ ಮೈಸೂರಿನ 28,000 ಸಂಬಳದಲ್ಲಿ ಹೆಚ್ಚು ಉಳಿಯಬಹುದು.