ಕಾಸ್ಮೊ ಸ್ಪೋರ್ಟ್ ಕಾರಿನ ರೋಟರಿ ಎಂಜಿನ್ ಮಾದರಿ: ರೋಟರ್ ಮತ್ತು ಸೀಲ್‌ಗಳ ಹಂತ

ಹಿರೋಷಿಮಾದ ಟೊಯೊ ಕೋಗ್ಯೊ, ಅಂದರೆ ಇಂದಿನ ಮಜ್ದಾ ಕಂಪನಿ, 1967ರ ಮೇ ತಿಂಗಳಲ್ಲಿ ಮಾರಾಟಕ್ಕೆ ತಂದ ಕಾಸ್ಮೊ ಸ್ಪೋರ್ಟ್ ಕಾರಿನ 10ಎ ಎಂಜಿನ್ನನ್ನು ಅರ್ಧ ಅಳತೆಯಲ್ಲಿ ತ್ರಿಡಿ ಪ್ರಿಂಟರಿನಿಂದ ಮುದ್ರಿಸಿ, ಕೈಯಿಂದ ತಿರುಗಿಸಿದರೆ ಒಳಗಿನ ಚಲನೆಯೆಲ್ಲ ಕಾಣುವಂತೆ ಜೋಡಿಸುವ ಕೆಲಸ ಅರ್ಧದಾರಿ ದಾಟಿದೆ. ಮೊದಲ ಹೌಸಿಂಗ್, ಅಂದರೆ ರೋಟರನ್ನು ಸುತ್ತುವರಿಯುವ ಹೊರಕವಚ, ಸಿದ್ಧವಾಗಿದ್ದು, ಪಿಸ್ಟನ್ನಿನ ಬದಲು ಕೆಲಸ ಮಾಡುವ ತ್ರಿಕೋನಾಕಾರದ ರೋಟರ್ ಅದರೊಳಗೆ ಎಲ್ಲಿಯೂ ತಡೆಯದೆ ಸುತ್ತುತ್ತಿದೆ.

ಈ ಎಂಜಿನ್ನಿನ ಮೂಲ ಆಕಾರವನ್ನು ಮೂರೇ ಅಳತೆಗಳು ನಿರ್ಧರಿಸುತ್ತವೆ. ಎಂಜಿನ್ನಿನ ಶಕ್ತಿಯನ್ನು ಹೊರಗೆ ಒಯ್ಯುವ ಶಾಫ್ಟಿನ ಕೇಂದ್ರಕ್ಕೂ ರೋಟರಿನ ಕೇಂದ್ರಕ್ಕೂ ನಡುವಿನ ಅಂತರ 15 ಮಿ.ಮೀ., ರೋಟರಿನ ಕೇಂದ್ರದಿಂದ ಅದರ ತುದಿಗೆ 105 ಮಿ.ಮೀ., ಹೌಸಿಂಗಿನ ಅಗಲ 60 ಮಿ.ಮೀ. ಈ ಮೂರನ್ನೂ ಗುಣಿಸಿ, ಬಂದುದನ್ನು 3ರ ವರ್ಗಮೂಲದ ಮೂರು ಪಟ್ಟಿನಿಂದ ಮತ್ತೆ ಗುಣಿಸಿದರೆ 491 ಘನ ಸೆಂ.ಮೀ. ಬರುತ್ತದೆ, ಕಂಪನಿ ಒಂದು ರೋಟರಿಗೆ ಹೇಳಿದ ಸಾಮರ್ಥ್ಯವೂ ಅದೇ. ಮುಂದೆ ಬಂದ 13ಬಿ ಎಂಜಿನ್ನಿನಲ್ಲಿಯೂ ಮೊದಲೆರಡು ಅಳತೆಗಳು ಹಾಗೆಯೇ ಉಳಿದು ಅಗಲ ಮಾತ್ರ 80 ಮಿ.ಮೀ.ಗೆ ಏರಿತು ಎಂಬುದು, ಮೊದಲ ವಿನ್ಯಾಸ ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ ನನಗೆ ಸಿಕ್ಕ ಅತ್ಯುತ್ತಮ ಸಾಕ್ಷಿ. ನನ್ನ ಮಾದರಿಯಲ್ಲಿ ರೋಟರಿನ ಒಳಬದಿಯ ಗೇರಿಗೆ 45 ಹಲ್ಲುಗಳನ್ನೂ ಪಕ್ಕದ ಫಲಕಕ್ಕೆ ಬಿಗಿದ ಸ್ಥಿರ ಗೇರಿಗೆ 30 ಹಲ್ಲುಗಳನ್ನೂ ಕೊಟ್ಟಿದ್ದೇನೆ. ಈ ಅನುಪಾತದಿಂದಾಗಿ ಶಾಫ್ಟ್ ಮೂರು ಸುತ್ತು ತಿರುಗುವಷ್ಟರಲ್ಲಿ ರೋಟರ್ ಒಂದೇ ಸುತ್ತು ತಿರುಗುತ್ತದೆ.

ಹೆಚ್ಚು ಸಮಯ ಬೇಡಿದ್ದು ರೋಟರಿನ ಮೂರು ತುದಿಗಳಲ್ಲಿ ಕೂತು, ಹೌಸಿಂಗಿನ ಗೋಡೆಗೆ ಒತ್ತಿಕೊಂಡು ಅನಿಲ ಸೋರದಂತೆ ತಡೆಯುವ ಅಪೆಕ್ಸ್ ಸೀಲ್‌ಗಳು. ಸೀಲ್ ಗೋಡೆಗೆ ಸದಾ ಲಂಬವಾಗಿ ನಿಲ್ಲುವುದಿಲ್ಲ. ಮೇಲಿನ ಅಳತೆಗಳಿಂದ ಲೆಕ್ಕ ಹಾಕಿದರೆ ಅದು ಎರಡೂ ಬದಿಗೆ ಸುಮಾರು 25 ಡಿಗ್ರಿಯವರೆಗೆ ವಾಲುತ್ತದೆ. ಹಾಗಾಗಿ ಮಾದರಿಯಲ್ಲಿ ಸೀಲ್‌ಗಳಾಗಿ ಬಳಸಿದ ಹಿತ್ತಾಳೆಯ ಪಟ್ಟಿಗಳ ತುದಿಯನ್ನು 1 ಮಿ.ಮೀ. ತ್ರಿಜ್ಯಕ್ಕೆ ದುಂಡಗೆ ಉಜ್ಜಿ, ಹೌಸಿಂಗಿನ ವಕ್ರರೇಖೆಯನ್ನೂ ಅಷ್ಟೇ ಹೊರಕ್ಕೆ ಸರಿಸಿ ಬರೆದು, ಪಟ್ಟಿಗಳ ಅಡಿಯಲ್ಲಿ ತೆಳುವಾದ ಸ್ಪ್ರಿಂಗ್ ಇಟ್ಟಿದ್ದೇನೆ.

ಹಿರೋಷಿಮಾದ ಎಂಜಿನಿಯರುಗಳನ್ನು ವರ್ಷಗಟ್ಟಲೆ ಕಾಡಿದ್ದೂ ಇದೇ ಭಾಗ. ಜರ್ಮನಿಯ ಎನ್‌ಎಸ್‌ಯು ಕಂಪನಿಯಿಂದ 1961ರಲ್ಲಿ ಪರವಾನಗಿ ಪಡೆದ ಮೇಲೆ, 1963ರಲ್ಲಿ ಕೆನಿಚಿ ಯಮಾಮೊಟೊ ಅವರ ನೇತೃತ್ವದಲ್ಲಿ ರೋಟರಿ ಸಂಶೋಧನಾ ವಿಭಾಗ ಆರಂಭವಾಯಿತು. ಪರೀಕ್ಷೆಯ ಎಂಜಿನ್ನುಗಳಲ್ಲಿ ಸೀಲ್‌ಗಳು ಜಾರುವಾಗ ತಮ್ಮ ಸಹಜ ಕಂಪನಾಂಕದಲ್ಲಿ ಕಂಪಿಸಿ, ಹೌಸಿಂಗಿನ ಒಳಗೋಡೆಯ ಕ್ರೋಮ್ ಲೇಪನದ ಮೇಲೆ ಸಾಲುಸಾಲಾಗಿ ಅಲೆಯಂಥ ಗೀರುಗಳನ್ನು ಮೂಡಿಸುತ್ತಿದ್ದವು. ಅಲ್ಲಿನವರು ಅವನ್ನು ದೆವ್ವದ ಉಗುರಿನ ಗುರುತುಗಳೆಂದು ಕರೆದರು. ಸೀಲ್‌ನೊಳಗೆ ಅಡ್ಡಲಾಗಿಯೂ ಉದ್ದಕ್ಕೂ ರಂಧ್ರ ಕೊರೆದು ಕಂಪನಾಂಕವನ್ನೇ ಬದಲಿಸಿದಾಗ ಗೀರುಗಳು ನಿಂತವು. ಮಾರಾಟದ ಕಾರಿಗೆ ಕೊನೆಗೆ ಅಲ್ಯೂಮಿನಿಯಂ ಬೆರೆತ ಇಂಗಾಲದ ಸೀಲ್‌ಗಳನ್ನು ಹಾಕಿದರು. ಗಟ್ಟಿ ಲೋಹವನ್ನು ಇನ್ನಷ್ಟು ಗಟ್ಟಿ ಮಾಡುವುದಕ್ಕಿಂತ, ಕಂಪನ ಹುಟ್ಟುವ ಕಾರಣವನ್ನೇ ಹುಡುಕಿದ ಈ ಕ್ರಮವನ್ನು ನಾನು ಇಡೀ ಎಂಜಿನ್ನಿನ ಹೃದಯವೆಂದು ಭಾವಿಸುತ್ತೇನೆ.

ಗಾಳಿ ಒಳಬರುವ ದ್ವಾರವನ್ನು ಮೂಲದಲ್ಲಿದ್ದಂತೆ ಪಕ್ಕದ ಫಲಕದಲ್ಲಿಯೇ ಕೊರೆದಿದ್ದೇನೆ, ಏಕೆಂದರೆ ಕಡಿಮೆ ವೇಗದಲ್ಲಿಯೂ ಎಂಜಿನ್ ಸಮವಾಗಿ ಓಡಲೆಂದು ಮಜ್ದಾ ಆರಿಸಿಕೊಂಡ ಜಾಗ ಅದು. ದಹನದ ಕೋಣೆ ಉದ್ದವಾಗಿ ಚಪ್ಪಟೆಯಾಗಿರುವುದರಿಂದ ಪ್ರತಿ ರೋಟರಿಗೆ ಎರಡು ಸ್ಪಾರ್ಕ್ ಪ್ಲಗ್‌ಗಳಿದ್ದವು. ಅವುಗಳ ರಂಧ್ರಗಳೂ ಸಿದ್ಧವಾಗಿವೆ. ಇಂಥ ಎರಡು ರೋಟರುಗಳು ಸೇರಿ 110 ಅಶ್ವಶಕ್ತಿ ಕೊಡುತ್ತಿದ್ದವು. 1968ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ರೇಸ್ ಪಥದ 84 ಗಂಟೆಗಳ ಓಟಕ್ಕೆ ಇಳಿದ ಎರಡು ಕಾಸ್ಮೊ ಕಾರುಗಳಲ್ಲಿ ಒಂದು ನಾಲ್ಕನೆಯ ಸ್ಥಾನದಲ್ಲಿ ಓಟ ಮುಗಿಸಿತು.

ಮುಂದಿನ ಹಂತದಲ್ಲಿ ಎರಡನೆಯ ರೋಟರನ್ನು ಮೊದಲನೆಯದಕ್ಕೆ ಶಾಫ್ಟಿನ ಮೇಲೆ 180 ಡಿಗ್ರಿ ಎದುರಾಗಿ ಕೂರಿಸಿ, ಮುಂಬದಿಯ ಫಲಕವನ್ನು ಪಾರದರ್ಶಕ ಅಕ್ರಿಲಿಕ್‌ನಲ್ಲಿ ಕತ್ತರಿಸಬೇಕಿದೆ. ಅದಕ್ಕೂ ಮುನ್ನ ಸೀಲ್‌ಗಳ ಸ್ಪ್ರಿಂಗ್ ಒತ್ತಡವನ್ನು ಇನ್ನೊಂದಿಷ್ಟು ತಗ್ಗಿಸಿ, ಹೌಸಿಂಗಿನ ನಡು ಕಿರಿದಾಗುವ ಕಡೆ ಪ್ಲಾಸ್ಟಿಕ್ ಗೋಡೆ ಸವೆಯುತ್ತದೆಯೇ ಎಂದು ಪರೀಕ್ಷಿಸುತ್ತೇನೆ.