ಚೊಂಬಿನ ಮೇಲಿನ ಮೂರು ಅಕ್ಷರ

ಮಗಳ ಮನೆಗೆಂದು ಬಾಸ್ಟನ್ನಿಗೆ ಹೋಗಿ ಮೂರು ವಾರ ಇದ್ದೆ. ಊರಿಗೆ ಬಂದ ಮೇಲೂ ಕಣ್ಣಿಗೆ ಕಟ್ಟಿದಂತಿರುವುದು ಅಲ್ಲಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿ ಕಂಡ ಹಳೆಯ ಬೆಳ್ಳಿ ಪಾತ್ರೆಗಳು.

ಹೋಗುವವರು ಗ್ರೀನ್ ಲೈನಿನ ‘ಇ’ ರೈಲನ್ನೇ ಹತ್ತಿ. ನಾನು ಮೊದಲು ಬಂದದ್ದನ್ನು ಹತ್ತಿದೆ. ಅದು ‘ಡಿ’ ಎಂದು ತಿಳಿಯುವಷ್ಟರಲ್ಲಿ ಫೆನ್‌ವೇ ಬಂದಿತ್ತು. ಇಳಿದು ಮಳೆಯಲ್ಲಿ ನಡೆದು, ಒದ್ದೆ ಸೀರೆಯಲ್ಲೇ ಒಳಗೆ ಹೋದೆ.

ಜನ ಮುತ್ತಿದ್ದು ಬಾಸ್ಟನ್ನಿನ ಅಕ್ಕಸಾಲಿಗ ಪಾಲ್ ರಿವಿಯರ್ 1768ರಲ್ಲಿ ಮಾಡಿದ ಬೋಗುಣಿಯನ್ನು. 45 ಔನ್ಸ್ ತೂಕ, ಮಾಡಿಸಿದ 15 ಜನರ ಹೆಸರು ಅಂಚಿನ ಸುತ್ತ. ನುಣುಪಾದ, ಗಂಭೀರ ಪಾತ್ರೆ. ಬಳ್ಳಿ ಸುರುಳಿ ತುಂಬಿದ ಕಾಫಿ ಪಾಟುಗಳು ನನಗೆ ಹಿಡಿಸಲಿಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಚ್ಚಳದ ಒಂದು ಟ್ಯಾಂಕರ್ಡ್, ಅಂದರೆ ಬಿಯರ್ ಕುಡಿಯುವ ಹಿಡಿಯುಳ್ಳ ಚೊಂಬು. ಹಿಡಿಯ ಮೇಲೆ ಮೂರು ಅಕ್ಷರ: ಮೇಲೊಂದು, ಕೆಳಗೆರಡು.

ಪಕ್ಕದಲ್ಲಿದ್ದ ವಯಸ್ಸಾದ ಸ್ವಯಂಸೇವಕಿ ವಿವರಿಸಿದರು. “ಮೇಲಿನದು ಮನೆತನದ್ದು. ಕೆಳಗೆ ಗಂಡ, ಹೆಂಡತಿಯ ಹೆಸರಿನ ಮೊದಲಕ್ಷರ. ಆಗ ಇಲ್ಲಿ ಬ್ಯಾಂಕೇ ಇರಲಿಲ್ಲ. ಸ್ಪೇನಿನ ಬೆಳ್ಳಿ ನಾಣ್ಯ ಕರಗಿಸಿ ಪಾತ್ರೆ ಮಾಡಿಸುತ್ತಿದ್ದರು. ಕಳುವಾದರೆ ಅಕ್ಷರದಿಂದ ಗುರುತು. ಕಷ್ಟ ಬಂದರೆ ಮತ್ತೆ ಕರಗಿಸುವುದು. ಅಲ್ಲಿಯವರೆಗೆ ಬಂದವರ ಕಣ್ಣಿಗೆ ಬೀಳುವಂತೆ ಇಡುವುದು.”

ಅಮೆರಿಕದ ಮೊದಲ ಬ್ಯಾಂಕು ಶುರುವಾದದ್ದು 1782ರಲ್ಲಿ, ಫಿಲಡೆಲ್ಫಿಯಾದಲ್ಲಿ. ಅದಕ್ಕೂ ಮೊದಲು ಮನೆಯ ಉಳಿತಾಯವೂ ಮರ್ಯಾದೆಯೂ ಒಂದೇ ಪಾತ್ರೆಯಲ್ಲಿ!

ನಮ್ಮಲ್ಲೂ ಪಾತ್ರೆಗೆ ಹೆಸರು ಹಾಕಿಸುತ್ತೇವೆ ಎಂದೆ. ಅಮ್ಮನ ಮದುವೆಯ ಬೆಳ್ಳಿ ಚೊಂಬಿನ ಮೇಲೆ ಸೋದರಮಾವನ ಹೆಸರಿತ್ತು, ಉಡುಗೊರೆ ಕೊಟ್ಟವರು ಅವರು. ಅಣ್ಣನ ಫೀಸಿಗೆಂದು ಅದು ಶೆಟ್ಟರ ತಕ್ಕಡಿಗೆ ಹೋಯಿತು.

“ನಿಮ್ಮ ತಾಯಿಯ ಹೆಸರು?”

“ಯಾವ ಪಾತ್ರೆಯ ಮೇಲೂ ಇರಲಿಲ್ಲ.”

ಅವರು ಸುಮ್ಮನಾದರು. ಇಬ್ಬರೂ ಕೆಳಗಿನ ಆ ಎರಡನೆಯ ಅಕ್ಷರವನ್ನೇ ನೋಡಿದೆವು. ಅದು ಯಾವಳೋ ಹೆಂಗಸಿನದು. ನನಗೆ ಗಂಟಲು ಕಟ್ಟಿತು.

ಹೊರಡುವಾಗ ಕೇಳಿದೆ, “ಇದನ್ನೆಲ್ಲ ಬೆಳಗುತ್ತಿದ್ದವರು ಯಾರು?”

“ಸಿರಿವಂತರ ಮನೆಗಳಲ್ಲಿ ಆಳುಗಳು, ಎಷ್ಟೋ ಕಡೆ ಗುಲಾಮರು. ಬಾಸ್ಟನ್ನಿನಲ್ಲೂ ಇದ್ದರು. ಯಜಮಾನ ಸತ್ತಾಗ ಆಸ್ತಿಪಟ್ಟಿ ಬರೆಯುತ್ತಿದ್ದರಲ್ಲ, ಅದರಲ್ಲಿ ಬೆಳ್ಳಿ ಇಷ್ಟು ಔನ್ಸ್ ಎಂದಿರುತ್ತದೆ. ಅದೇ ಪಟ್ಟಿಯಲ್ಲಿ ಅವರೂ.”

“ಹೆಸರು ಇರುತ್ತದೆಯೇ?”

“ಕೆಲವು ಸಲ, ಒಂದೇ ಹೆಸರು. ಅದರ ಎದುರಿಗೆ ಬೆಲೆ.”